ಬೆಟ್ಟಮ್ಮನ ಬಸ್ಸಾರು

"ಬೇಡ" ಅಂದುಬಿಟ್ಟ ವಿಜಯೇಂದ್ರ. ಪಾಂಡವಪುರದ ಆಲೆಮನೆಯಲ್ಲಿ, ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬಿಸಿ ಬೆಲ್ಲವನ್ನು ಕೊಬ್ಬರಿ ಚೂರಿನ ಜೊತೆ ಎಲೆಯ ಮೇಲಿಟ್ಟು ಕೊಟ್ಟರೆ ಯಾರಾದರೂ ಬೇಡ ಅನ್ನುತ್ತಾರೆಯೇ? ಈ ಮಹಾರಾಯ ಅಂದ. ಅಂದು, ಅಲ್ಲೇ ನಲ್ಲಿಯ ಕೆಳಗೆ ಬಾಟಲಿ ಹಿಡಿದು ನೀರಿನ ಮಾದರಿ ತುಂಬಿಸತೊಡಗಿದ.

ಮಾನಸ ತನ್ನ ಬೆಲ್ಲದ ಎಲೆ ಹಿಡಿದು ಅವನನ್ನೇ ನೋಡಿದಳು. ಬೆಳಗ್ಗೆ ಶ್ರೀರಂಗಪಟ್ಟಣದಲ್ಲೂ ಹೀಗೇ ಆಗಿತ್ತು. ಮಾದರಿ ಹಿಡಿದು, ಸಂಗಮದಲ್ಲಿ ಫೋಟೊ ತೆಗೆದುಕೊಂಡು, ಹೋಟೆಲಿಗೆ ಹೋದರೆ ಬರೀ ಕಾಫಿ ಕುಡಿದು ಎದ್ದಿದ್ದ. ಇಬ್ಬರೂ ನೀರು ಪರೀಕ್ಷೆ ಮಾಡುವ ಒಂದೇ ಲ್ಯಾಬಿನವರು. ನಾಲ್ಕು ತಾಲ್ಲೂಕು ಸುತ್ತಿ ಕುಡಿಯುವ ನೀರು ಹಿಡಿದು ತರುವುದು ಇವತ್ತಿನ ಕೆಲಸ. ಮದುವೆಯಾಗುವುದು ಅಂತ ಇಬ್ಬರ ನಡುವೆ ಮಾತೂ ಆಗಿತ್ತು. ಅವಳು ಸಂತೆಬಾಚಹಳ್ಳಿಯ ಅಜ್ಜಿಗೆ ಹೇಳಿಯಾಗಿತ್ತು. ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯಲ್ಲಿ ಬೆಳೆದ ಅವನು ಮಾತ್ರ, ಬೆಳ್ಳುಳ್ಳಿ ಅಂದರೆ ಮೂಗು ಮುಚ್ಚಿಕೊಳ್ಳುವ ತಾಯಿ ಭಾಗೀರಥಮ್ಮನ ಮುಂದೆ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಅಜ್ಜಿ ಬೆಟ್ಟಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಕೆಲ್ಸದ ಮ್ಯಾಲೆ ಬಂದಂಗೆ ಕರ್ಕೊಂಡು ಬಾ. ನೋಡಕ್ಕೆ ಕರ್ದಿರೋದು ಅಂತ ಏಳ್ಬ್ಯಾಡ. ಸಂಬಳ ಗಿಂಬಳ ನಂಗ್ಯಾಕೆ? ಉಣ್ಣೋದ ನೋಡ್ತೀನಿ. ನಮ್ಮನೆ ಮುದ್ದೆ ಮುರ್ಯಕ್ಕೆ ಮಕ ಸಿಂಡರಿಸಿದ್ನೋ, ಅಲ್ಲಿಗೆ ಮುಗೀತು."

ಬೆಲ್ಲಕ್ಕೇ ಬೇಡ ಅನ್ನುವವನು ಮುದ್ದೆ ತಿಂದಾನೆಯೇ?

ಮೇಲುಕೋಟೆಯಲ್ಲಂತೂ ಅವಳಿಗೆ ಅಳುವೇ ಬಂತು. ಕಲ್ಯಾಣಿಯ ಮೆಟ್ಟಿಲ ಮೇಲೆ ಹುಡುಗರ ಹಾಗೆ ಕುಣಿದಾಡಿದ, ಬೆಟ್ಟ ಹತ್ತಿ ಇಳಿದ, ಅವಳ ದುಪಟ್ಟ ಗಾಳಿಗೆ ಹಾರಿದಾಗಲೆಲ್ಲ ಫೋಟೊ ಹೊಡೆದ. ಪುಳಿಯೋಗರೆಯನ್ನು ಮಾತ್ರ ಮುಟ್ಟಲಿಲ್ಲ. ಮೇಲುಕೋಟೆಗೆ ಬಂದು ಪುಳಿಯೋಗರೆ ಬೇಡ ಅನ್ನುವವನನ್ನು ಯಾವ ಧೈರ್ಯದ ಮೇಲೆ ಕಟ್ಟಿಕೊಳ್ಳುವುದು!

"ಹೊಟ್ಟೆ ಸರಿಯಿಲ್ವೇನ್ರೀ?"

"ಚೆನ್ನಾಗೇ ಇದೆ. ನೀವು ತಿನ್ನಿ."

ಅವನ ಪಾಲನ್ನೂ ಬಾರಿಸುತ್ತಿದ್ದ ಡ್ರೈವರ್ ತಿಮ್ಮರಾಜು ಕಿಸಕ್ಕನೆ ನಕ್ಕ. ಅವನೂ ಸಂತೆಬಾಚಹಳ್ಳಿಯವನೇ. "ಬುಡಿ ಮೇಡಂ, ಸಾಯೇಬ್ರು ಡಯಟ್ನಾಗವ್ರೆ."

ಕೆ.ಆರ್. ಪೇಟೆ ತಾಲ್ಲೂಕಿನ ಮಾದರಿಯನ್ನು ಸಂತೆಬಾಚಹಳ್ಳಿಯಲ್ಲೇ ಹಿಡಿದರು. "ಇಲ್ಲೇ ನಮ್ಮಜ್ಜಿ ಮನೆ. ಒಂದು ಲೋಟ ಮಜ್ಜಿಗೆ ಕುಡ್ಕೊಂಡು ಹೋಗೋಣ" ಅಂದಳು ಮಾನಸ, ಈಗಷ್ಟೇ ಹೊಳೆದ ಹಾಗೆ. ಅವನು ಸರಿ ಅಂತ ತಲೆಯಾಡಿಸಿದ.

ಬೆಟ್ಟಮ್ಮ ಮಜ್ಜಿಗೆಯ ಮಾತೇ ಎತ್ತಲಿಲ್ಲ. ಕೈಕಾಲಿಗೆ ನೀರು ಕೊಟ್ಟು ನೇರ ಎಲೆ ಹಾಕಿದಳು. ಎಳನೀರಿನ ಗಾತ್ರದ ಮುದ್ದೆ, ಸುತ್ತ ಬಸ್ಸಾರು, ಪಕ್ಕದಲ್ಲಿ ಸೊಪ್ಪಿನ ಪಲ್ಯ.

"ನೋಡಪ್ಪಾ, ನಿಮ್ಮೋರು ಬಾಡು ತಿನ್ನಾಕಿಲ್ಲ ಅಂತ ಗೊತ್ತು. ಅದ್ಕೇ ಒಸ ಪಾತ್ರೆ ತಂದು ಮಾಡಿವ್ನಿ. ಆದ್ರೆ ಬೆಳ್ಳುಳ್ಳಿ ಬುಟ್ಟು ಬಸ್ಸಾರು ಮಾಡಕ್ಕೆ ನಂಗೆ ಬರಾಕಿಲ್ಲ. ಉಣ್ತೀಯೋ, ಎದ್ದೋಯ್ತೀಯೋ?"

ಮಾನಸ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅರ್ಧ ಮುದ್ದೆ ಮಾಯ! ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಗುಳುಂ ಅಂತ ನುಂಗುತ್ತಿದ್ದ. ಒಮ್ಮೆ ಮರೆತು ಅಗಿಯಲು ಹೋದಾಗ "ಅಗೀಬ್ಯಾಡ ಕಣಪ್ಪಾ, ನುಂಗು" ಅಂತ ಬೆಟ್ಟಮ್ಮ ಗದರಿದಳು. ಇನ್ನೊಂದು ಮುದ್ದೆ ಬಂತು. ಅದೂ ಹೋಯಿತು.

"ಅಜ್ಜಿ, ಇನ್ನೊಂದು ಸೌಟು ಸಾರು."

ಬೆಟ್ಟಮ್ಮ ಸೌಟು ಹಿಡಿದವಳು ಹಾಗೇ ನಿಂತಳು. "ಎಲ್ಲಿತ್ತಪ್ಪಾ ಈ ಪಾಟಿ ಅಸ್ವು?"

"ಬೆಳಗ್ಗೆಯಿಂದ ಹೊಟ್ಟೆ ಖಾಲಿ ಇಟ್ಕೊಂಡು ಬಂದಿದ್ದೀನಿ ಅಜ್ಜಿ. ಬಿಸಿ ಬೆಲ್ಲ ಬಿಟ್ಟೆ, ಪುಳಿಯೋಗರೆ ಬಿಟ್ಟೆ. ಪ್ರಾಣ ಹೋದ ಹಾಗಾಯ್ತು! ನೀವು ಉಣ್ಣೋದು ನೋಡ್ತೀರಂತೆ, ತಿಮ್ಮರಾಜು ನಿನ್ನೆನೇ ಹೇಳ್ಬಿಟ್ಟ."

"ಲೇ ತಿಮ್ಮಾ! ಬಾಯಲ್ಲಿ ಒಂದ್ ಮಾತು ನಿಲ್ಲಾಕಿಲ್ವೇನ್ಲಾ ನಿಂಗೆ?"

"ನೀನೇ ಊರೆಲ್ಲ ಏಳ್ಕೊಂಡು ಬಂದಿದ್ದಲ್ಲವ್ವಾ" ಅಂದ ತಿಮ್ಮರಾಜು, ಎಲೆಯಿಂದ ತಲೆ ಎತ್ತದೆ.

ಮಾನಸ ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಪಾಪ, ಆ ಬೆಲ್ಲ ನೋಡಿ ಅವನ ಬಾಯಲ್ಲಿ ಎಷ್ಟು ನೀರೂರಿರಬೇಕು! ಇವಳೋ, ಅವನ ಮುಂದೆ ಕೂತು ಬೆರಳು ಚೀಪುತ್ತ ತಿಂದಿದ್ದಳು.

ಹೊರಡುವಾಗ ಬೆಟ್ಟಮ್ಮ ಸ್ಟೀಲಿನ ಡಬ್ಬಿಯೊಂದನ್ನು ವಿಜಯೇಂದ್ರನ ಕೈಗಿಟ್ಟಳು. ಅದೇ ಬಸ್ಸಾರು. "ನಾನೇನೋ ಒಪ್ಪಿವ್ನಿ ಕಣಪ್ಪಾ. ಇದ ನಿಮ್ಮವ್ವಂಗೆ ಕೊಡು. ಅವ್ರೂ ನಮ್ಮನೇದು ಒಂದು ತುತ್ತು ಉಂಡ್ರೆ ಮುಂದಿನ ಮಾತು."

ವಿಜಯೇಂದ್ರ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೂಂ ಅಂದು ಜೀಪು ಹತ್ತಿದ.

ನಾಗಮಂಗಲದ ಮಾದರಿ ಒಂದು ಬಾಕಿ ಇತ್ತು. ಹಿಂದೆ ಐಸ್ ಬಾಕ್ಸಿನಲ್ಲಿ ಮೂರು ತಾಲ್ಲೂಕಿನ ನೀರು. ಇವನ ತೊಡೆಯ ಮೇಲೆ ಡಬ್ಬಿ. ತಿಮ್ಮರಾಜು ಕನ್ನಡಿಯಲ್ಲಿ ಇಣುಕಿದ.

"ಸಾ, ಅದ್ಯಾವ ಲ್ಯಾಬಿಗೆ?"

"ನಮ್ಮಮ್ಮನ ಅಡುಗೆಮನೆಗೆ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರಸ್ತೆಯ ಹಳ್ಳಕ್ಕೆ ಜೀಪು ಕುಲುಕಿ, ಬೆಳ್ಳುಳ್ಳಿ ಒಗ್ಗರಣೆಯ ಘಮ ಘಮ್ಮಂತ ಎದ್ದಿತು.

"ಮುಚ್ಚಳ ಗಟ್ಟಿಯಾಗಿ ಒತ್ರೀ" ಅಂದಳು ಮಾನಸ. "ನೀವು ಬಾಗಿಲು ದಾಟೋಕೆ ಮುಂಚೇನೇ ನಿಮ್ಮಮ್ಮಂಗೆ ವಾಸನೆ ಬಡಿಯುತ್ತೆ."

ವಿಜಯೇಂದ್ರ ಮುಚ್ಚಳವನ್ನು ಇನ್ನಷ್ಟು ಸಡಿಲ ಮಾಡಿದ.

"ಬಡೀಲಿ ಬಿಡಿ. ನಾನು ಬಾಯಿ ಬಿಡೋಕೆ ಮುಂಚೆ ಅದೇ ಹೇಳ್ಬಿಡ್ಲಿ."