ಬೆಲ್ಲ ನೀರು

ಹೊಳೆಯ ಆಚೆ ದಡದವರು ಹೆಣ್ಣು ನೋಡಲು ಬರುವವರಿದ್ದರು. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಪದ್ಧತಿ. ಆದರೆ ಹೊಳೆಗೆ ಕಡಲು ನುಗ್ಗಿ ಮನೆಯ ಬಾವಿಯೂ ಉಪ್ಪಾಗಿತ್ತು. ಹಿಂದಿನ ಎರಡು ಸಂಬಂಧಗಳು ಮೊದಲ ಗುಟುಕಿಗೇ ತಪ್ಪಿಹೋಗಿದ್ದವು. ಹಾಗಾಗಿ ಈ ಸಲ ಹುಡುಗಿಯ ತಾಯಿ ಗುಡ್ಡದಾಚೆಯಿಂದ ಒಂದು ಕೊಡ ಸಿಹಿನೀರು ಹೊತ್ತು ತಂದಿದ್ದಳು.

ಹುಡುಗನ ತಾಯಿ ಬೆಲ್ಲ ಮುಟ್ಟಲಿಲ್ಲ. ನೀರನ್ನಷ್ಟೇ ಗಟಗಟನೆ ಕುಡಿದು ಕೇಳಿದಳು:

“ನಿಮ್ಮ ಬಾವಿದೇ ನೀರಾ ಇದು?”

“ಹೌದು, ನಮ್ಮದೇ.”

“ಇನ್ನೊಂದು ಲೋಟ ಕೊಡಿ.”

ಅದನ್ನೂ ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನಮಗೆ ಒಪ್ಪಿಗೆ ಉಂಟು. ಚಿನ್ನ ಗಿನ್ನ ಏನೂ ಬೇಡ. ನಮ್ಮ ಬಾವಿ ಉಪ್ಪಾಗಿ ಎರಡು ವರ್ಷ ಆಯ್ತು. ದಿನಾ ದೋಣಿ ಕಳಿಸ್ತೇವೆ, ಎರಡು ಕೊಡ ನೀರು ತುಂಬಿಸಿ ಕೊಡಿ, ಸಾಕು.”