ಮನೆಗೊಂದೇ ಮಗು

ದೂರದೇಶದಿಂದಲೇ ಒಂದು ಸಂಸ್ಥೆಯ ಮೂಲಕ ಹಣ ಕಳಿಸಿ ಸಾಕಿ, ನರ್ಸಿಂಗ್ ಓದಿಸಿದ್ದ ಹುಲಿಗೆವ್ವನನ್ನು ನೋಡಲು ಇಂಗ್ರಿಡ್ ಎಂಬ ಮುದುಕಿ ಮೊದಲ ಸಲ ರಾಯಚೂರು ಕಡೆಯ ಆ ಹಳ್ಳಿಗೆ ಬಂದಳು. ಇಬ್ಬರೂ ಅಂಗಳದಲ್ಲಿ ಕೂತರು. ಮುದುಕಿಯ ಮಾತನ್ನು ಜೊತೆಗೆ ಬಂದವನು ಕನ್ನಡದಲ್ಲಿ ಹೇಳುತ್ತಿದ್ದ.

“ಸಂಸ್ಥೆಯವರು ಕಳಿಸಿದ ಫೋಟೋದಲ್ಲಿ ನೀವು ಅಕ್ಕ ತಂಗಿ ಇಬ್ಬರೂ ಇದ್ದಿರಿ. ಮನೆಗೊಂದೇ ಮಗು, ಅದೇ ನಿಯಮ ಅಂದರು. ತೀರಾ ಸೊರಗಿದ್ದ ನಿನ್ನನ್ನು ಆರಿಸಿಕೊಂಡೆ. ಆದರೆ ನಿನ್ನ ತಂಗಿಯ ಕಣ್ಣು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವಳು ಏನಾದಳು?”

ಅವಳು ನೆಲ ನೋಡಿದಳು.

“ಸಾಬವ್ವ ಏನ್ರೀ? ಆಕಿ ಸತ್ತಳ್ರೀ. ನಿಮ್ಮ ಸಹಾಯ ಬರೂಕಿಂತ ಮೊದಲ.”

ಮುದುಕಿ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. “ಒಬ್ಬಳನ್ನಾದರೂ ಉಳಿಸಿಕೊಂಡೆನಲ್ಲ!”

“ಹೌದ್ರೀ,” ಎನ್ನುತ್ತ ಅವಳು ಮುದುಕಿಯ ಬೆನ್ನು ಸವರಿದಳು.

ಸಂಜೆ ಕಾರು ಊರು ದಾಟಿ ಹೋಯಿತು. ಅವಳು ಮಾತ್ರ ಅಂಗಳದಲ್ಲೇ ನಿಂತಿದ್ದಳು. ಒಳಗಿನಿಂದ ಅವ್ವ ಕೂಗಿದಳು.

“ಸಾಬವ್ವಾ, ಅವರು ಹೋದ್ರಲ್ಲ, ಇನ್ನ ಹುಲಿಗೆವ್ವನ ಫೋಟೋ ಗ್ವಾಡಿಗೆ ಹಾಕಿ ಹೂವಾ ಏರಸ್ಲೇನು? ನಿಮ್ಮಕ್ಕ ಮುಂಜಾನಿಂದ ಟ್ರಂಕಿನ್ಯಾಗ ಅದಾಳ.”