ಸೇಠ್‌ಗೆ ಹಿಡಿದ ಸನ್ನಿ

"ನಾಳೆಯಿಂದ ನೀರುದೋಸೆ ಬಂದ್, ಕುಶಲಾ. ಚಾಕಲೇಟ್ ದೋಸೆ ಹಾಕು."

ಭಟ್ಟಿಯ ಮುಂದಿದ್ದ ಕುಶಲ ಸೌಟು ಕೆಳಗಿಟ್ಟ. "ಅದನ್ನು ಯಾರು ತಿಂತಾರೆ ಸೇಠ್?"

"ಕಾಲೇಜು ಮಕ್ಕಳು. ನಾನೇ ಕೇಳಿ ತಿಳ್ಕೊಂಡದ್ದು."

ಮುಂಬಯಿ ಪಕ್ಕದ ಡೊಂಬಿವಲಿಯ ಸರ್ವೋತ್ತಮ ಶೆಟ್ಟರ ಹೋಟೆಲಿಗೆ ಬರುವವರೆಲ್ಲ ಸಕ್ಕರೆಯಿಲ್ಲದ ಚಹಾದ ವಯಸ್ಸಿನವರು. ಗಿರಾಕಿಗಳ ಹಿಂದೆಯೇ ಹೋಟೆಲೂ ಕಣ್ಮುಚ್ಚೀತೆಂಬ ದಿಗಿಲು ಶೆಟ್ಟರಿಗೆ. ಎಂಬಿಎ ಓದುತ್ತಿದ್ದ ಮಗಳು ದಿಶಾ ದಾರಿ ತೋರಿಸಿದಳು. ಕಂಪ್ಯೂಟರಿನೊಳಗೆ ಒಂದು ಊರಿದೆ. ಬೇಕಾದ ಹೆಸರು, ಮುಖ, ವಯಸ್ಸು ಆರಿಸಿಕೊಂಡು ಬೊಂಬೆಯಾಗಿ ಅಲ್ಲಿ ತಿರುಗಾಡಬಹುದು, ಟೈಪು ಮಾಡಿ ಹರಟಬಹುದು.

"ದೊಡ್ಡ ದೊಡ್ಡ ಕಂಪನಿಗಳೇ ಅಲ್ಲಿ ಮಾರ್ಕೆಟ್ ರಿಸರ್ಚ್ ಮಾಡ್ತವೆ ಪಪ್ಪಾ. ನಮ್ಮ ಕಡೆಯ ಕಾಲೇಜಿನವರು ಸೇರುವ ಒಂದು ಅಡ್ಡಾ ಉಂಟು. ಹೋಟೆಲಿನವ ಅಂತ ಮಾತ್ರ ಹೇಳ್ಬೇಡಿ. ಯಾರೂ ನಿಜ ಹೇಳುದಿಲ್ಲ."

ಹೀಗೆ ಐವತ್ತೆಂಟರ ಶೆಟ್ಟರು ಹತ್ತೊಂಬತ್ತರ 'ಸನ್ನಿ'ಯಾದರು. ಗುಂಗುರು ಕೂದಲು, ಕಿವಿಗೊಂದು ರಿಂಗು. ಸೇಠ್‌ಗೆ ನಿಜಕ್ಕೂ ಸನ್ನಿಯೇ ಹಿಡಿದಿದೆ ಎಂದ ಕುಶಲ.

ಮಧ್ಯಾಹ್ನದ ಊಟದ ಗದ್ದಲ ಮುಗಿದೊಡನೆ ಶೆಟ್ಟರು ಗಲ್ಲಾದ ಹಿಂದೆ ಕಂಪ್ಯೂಟರು ತೆರೆಯುತ್ತಿದ್ದರು. ಅದೃಷ್ಟಕ್ಕೆ ಹುಡುಗರೂ ಅದೇ ಹೊತ್ತಿಗೆ ಸಿಗುತ್ತಿದ್ದರು: ರಿಯಾ, ರಾಕಿ, ಸ್ಯಾಮ್. ಸಂಜೆ ಚಹಾದ ವೇಳೆಗೆ ಸರಿಯಾಗಿ ಎಲ್ಲರಿಗೂ 'ಕ್ಲಾಸ್' ಶುರುವಾಗುತ್ತಿತ್ತು.

ಒಂದು ದಿನ ದೋಸೆಯ ಮಾತು ಬಂತು. ಏನಾದರೂ ಹೊಸತು ಬೇಕೆಂದಳು ರಿಯಾ. "ಚಾಕಲೇಟ್?" ಎಂದ ರಾಕಿ. ಶೆಟ್ಟರಿಗೆ ವಾಕರಿಕೆ ಬಂತು. ಆದರೂ ವಯಸ್ಸಿಗೆ ತಕ್ಕಂತೆ "ಸೂಪರ್!" ಎಂದು ಟೈಪು ಮಾಡಿದರು. ಉಳಿದವರೂ ದನಿಗೂಡಿಸಿದರು.

ಚಾಕಲೇಟ್ ದೋಸೆ ಬಂತು. ತಿನ್ನುವವರು ಬರಲಿಲ್ಲ. ನೀರುದೋಸೆಯ ಮುದುಕರು ಎದುರಿನ ಹೋಟೆಲಿಗೆ ಹೋದರು. ಕಂಗಾಲಾದ ಶೆಟ್ಟರು ಗೆಳೆಯರನ್ನೇ ಕರೆದರು: "ಡೊಂಬಿವಲಿಯ ಶೆಟ್ಟರ ಹೋಟೆಲಿನಲ್ಲಿ ಹೊಸ ದೋಸೆ ಬಂದಿದೆ. ಭಾನುವಾರ ಸಿಗೋಣ." ಮೂವರೂ ಒಪ್ಪಿದರು.

ಭಾನುವಾರ ಶೆಟ್ಟರು ದೊಡ್ಡ ಮೇಜಿಗೆ ಬಲೂನು ಕಟ್ಟಿಸಿ ಬಾಗಿಲನ್ನೇ ನೋಡುತ್ತ ನಿಂತರು. ಬೊಕ್ಕತಲೆಯವರೊಬ್ಬರು ಬಂದು ಆ ಮೇಜಿಗೇ ಕೂತರು. ಹಿಂದೆಯೇ ಮಂಡಿನೋವಿನವರೊಬ್ಬರು, ಕಿವಿಗೆ ಯಂತ್ರ ಹಾಕಿದವರೊಬ್ಬರು.

ಶೆಟ್ಟರು ಕೈಮುಗಿದರು. "ಬೇರೆ ಕಡೆ ಕೂತ್ಕೊಳ್ಳಿ ಮಾರಾಯ್ರೆ. ಇದು ಕಾಲೇಜು ಮಕ್ಕಳಿಗೆ ಇಟ್ಟದ್ದು."

"ಗೊತ್ತುಂಟು," ಎಂದರು ಬೊಕ್ಕತಲೆಯವರು. "ನಾನು ರಿಯಾ. ಕಲ್ಯಾಣದಲ್ಲಿ ಹೋಟೆಲು. ಇವರು ರಾಕಿ, ಸ್ಯಾಮ್. ಇವರ ಹೋಟೆಲು ಠಾಣೆ, ವಾಶಿಯಲ್ಲಿ. ಈಗ ಹೊರಗೆ ಬಾಗಿಲಲ್ಲೇ ಗುಟ್ಟು ರಟ್ಟಾಯ್ತು. ಆ ಸನ್ನಿ ಸೂಪರ್ ಅಂದನಲ್ಲ, ಅವನನ್ನು ನಂಬಿ ನಾವು ಮೂವರೂ ಚಾಕಲೇಟ್ ದೋಸೆ ಹಾಕಿ ಮುಳುಗಿದ್ದೇವೆ. ಅವ ಬರ್ಲಿ, ಕಾಯ್ತೇವೆ."